ಕೊನೆಯ ಪುಟದ ಜಗಳ

(ವಿಜಯಪುರ ಜಿಲ್ಲೆಯ ಮಸೂತಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸಕ್ಕೆ ಕರೆದಾಗ ವಚನ, ಜನಪದ, ಏಕೀಕರಣ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ವಾಡಿಕೆ. ಬಸವನ ಬಾಗೇವಾಡಿಯ ಮಗ್ಗುಲಲ್ಲೇ ನಿಂತು ವಚನದ ಬಗ್ಗೆ ಮಾತಾಡಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಸಂಘಟಕರು ವಿಷಯವನ್ನು ನನಗೇ ಬಿಟ್ಟಿದ್ದರು. ಹೀಗಾಗಿ ಇಬ್ಬರು ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಪ್ರೀತಿಸುವ ಕಥೆ, ಕಾದಂಬರಿಗಳನ್ನು ಓದುಗರು ಹೇಗೆ ಓದಿದರು, ಓದಿ ಯಾಕೆ ಜಗಳಾಡಿದರು ಎಂಬುದನ್ನು ಆರಿಸಿಕೊಂಡೆ. ಆಮಂತ್ರಣ ಪತ್ರಿಕೆ ನೋಡಿದ ಪರಿಚಯದವರೊಬ್ಬರು ಫೋನ್ ಮಾಡಿ, "ಹಳ್ಳ್ಯಾಗ ಈ ವಿಷಯ ಯಾಕ ಬೇಕಿತ್ರೀ ಅಕ್ಕೋರ, ಬೆಂಗಳೂರಾಗ ಮಾತಾಡೂದಲ್ಲೇನ್ರೀ ಇದು?" ಎಂದರು. ಅವರು ಸಭೆಗೆ ಬಂದಿದ್ದಾರೆ, ಎರಡನೇ ಸಾಲಿನಲ್ಲೇ ಕೂತಿದ್ದಾರೆ. ಅವರ ಪ್ರಶ್ನೆಯನ್ನು ಮರೆತಿಲ್ಲ.

ಸುಮಾರು ನೂರು ವರ್ಷದಿಂದ ಇಂಥ ಪುಸ್ತಕಗಳ ಸುತ್ತ ಗಲಾಟೆ ನಡೆದಿದೆ. ಅಶ್ಲೀಲ ಎಂದವರಿದ್ದಾರೆ, ಅದ್ಭುತ ಎಂದವರಿದ್ದಾರೆ. ಈ ಗಲಾಟೆಯನ್ನು ಹತ್ತಿರದಿಂದ ನೋಡಿದರೆ ಪ್ರೀತಿಯ ವರ್ಣನೆಗಾಗಿ ನಡೆದ ಜಗಳ ಕಡಿಮೆ, ಕೊನೆಯ ಪುಟಕ್ಕಾಗಿ ನಡೆದದ್ದೇ ಹೆಚ್ಚು ಎಂಬುದು ನನ್ನ ತಿಳುವಳಿಕೆ. ಆ ಇಬ್ಬರೂ ಕೊನೆಗೆ ಏನಾದರು? ಸತ್ತರೆ, ಅಗಲಿದರೆ, ಹುಚ್ಚು ಹಿಡಿದರೆ ಓದುಗ ಸಮಾಜ ಅಯ್ಯೋ ಪಾಪ ಅನ್ನುತ್ತದೆ. ಬದುಕಿ ಒಟ್ಟಿಗೆ ಉಳಿದರೆ ಪೊಲೀಸರನ್ನು ಕರೆಯುತ್ತದೆ.

1928ರ ಜುಲೈನಲ್ಲಿ ಲಂಡನ್ನಿನ ಜೊನಾಥನ್ ಕೇಪ್ ಪ್ರಕಾಶನ ರಾಡ್‌ಕ್ಲಿಫ್ ಹಾಲ್ ಎಂಬ ಲೇಖಕಿಯ 'ದಿ ವೆಲ್ ಆಫ್ ಲೋನ್ಲಿನೆಸ್' ಕಾದಂಬರಿಯನ್ನು ಹೊರತಂದಿತು. ಗಂಡುಮಗು ಬೇಕೆಂದು ಕಾದಿದ್ದ ಜಮೀನ್ದಾರ ದಂಪತಿಗೆ ಹೆಣ್ಣು ಹುಟ್ಟುತ್ತದೆ. ಆದರೂ ಸ್ಟೀಫನ್ ಎಂದು ಗಂಡಿನ ಹೆಸರನ್ನೇ ಇಡುತ್ತಾರೆ. ಅವಳು ಮೊದಲ ಮಹಾಯುದ್ಧದ ಆಂಬುಲೆನ್ಸ್ ದಳದಲ್ಲಿ ಮೇರಿ ಎಂಬ ಹುಡುಗಿಯನ್ನು ಕಂಡು ಪ್ರೀತಿಸುತ್ತಾಳೆ. ಪುಸ್ತಕದಲ್ಲಿ ನಾಚಿಕೊಳ್ಳುವಂಥ ಸನ್ನಿವೇಶವೇ ಇಲ್ಲ. ಒಂದು ರಾತ್ರಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದಾಳೆ ಲೇಖಕಿ, ಅದೂ ಬೈಬಲ್ಲಿನ ಧಾಟಿಯಲ್ಲಿ. ಆದರೂ ಆಗಸ್ಟಿನಲ್ಲಿ 'ಸಂಡೇ ಎಕ್ಸ್‌ಪ್ರೆಸ್' ಸಂಪಾದಕ ಜೇಮ್ಸ್ ಡಗ್ಲಾಸ್, ಆರೋಗ್ಯವಂತ ಮಕ್ಕಳ ಕೈಗೆ ಈ ಪುಸ್ತಕ ಕೊಡುವುದಕ್ಕಿಂತ ವಿಷದ ಸೀಸೆ ಕೊಡುವುದೇ ಮೇಲು ಎಂಬರ್ಥದಲ್ಲಿ ಬರೆದ. ನವೆಂಬರ್ 16ರಂದು ಮ್ಯಾಜಿಸ್ಟ್ರೇಟ್ ಚಾರ್ಟ್ರೆಸ್ ಬೈರನ್ ಪ್ರತಿಗಳನ್ನು ನಾಶಮಾಡಲು ಆದೇಶ ಕೊಟ್ಟ. ಸಾಕ್ಷಿ ಹೇಳಲು ಬಂದಿದ್ದ ಸುಮಾರು 40 ಜನ ಸಾಹಿತಿ, ವೈದ್ಯರ ಮಾತನ್ನು ಅವನು ಕೇಳಲೇ ಇಲ್ಲ.

ಅವನ ತೀರ್ಪಿನ ಕಾರಣವೊಂದನ್ನು ನೀವು ಗಮನಿಸಬೇಕು. ಈ ಪಾತ್ರಗಳು ಮಾಡಿದ್ದು ತಪ್ಪು ಎಂದು ಪುಸ್ತಕದಲ್ಲಿ ಎಲ್ಲಿಯೂ ಒಂದು ಮಾತಿಲ್ಲ ಎಂಬುದು ಅವನ ಮುಖ್ಯ ಆಕ್ಷೇಪ. ಅಂದರೆ ಬೈಯದೆ ಬರೆದದ್ದೇ ಅಪರಾಧ. ವಿಚಿತ್ರವೆಂದರೆ ಕಾದಂಬರಿಯ ಕೊನೆ ಸುಖದ್ದೂ ಅಲ್ಲ. ಮೇರಿಗೆ ಸಮಾಜದಲ್ಲಿ ಮಾನದ ಬದುಕು ಸಿಗಲಿ ಎಂದು ಸ್ಟೀಫನ್ ತನಗೆ ಬೇರೊಬ್ಬಳ ಸಂಬಂಧವಿದೆ ಎಂದು ಸುಳ್ಳು ನಟಿಸಿ, ಅವಳನ್ನು ಒಬ್ಬ ಗಂಡಸಿನ ಕಡೆ ತಾನೇ ದೂಡುತ್ತಾಳೆ. ಇಷ್ಟು ತ್ಯಾಗವೂ ಸಾಲದಾಯಿತು.

ಇನ್ನು ಓದುಗರ ಕಡೆ ಬರೋಣ. ಪುಸ್ತಕದ ಪರವಾಗಿ ದನಿ ಎತ್ತಿದವರಲ್ಲಿ ರೈಲ್ವೆ ಕಾರ್ಮಿಕರ ಒಕ್ಕೂಟದವರಿದ್ದರು, ದಕ್ಷಿಣ ವೇಲ್ಸಿನ ಕಲ್ಲಿದ್ದಲು ಗಣಿ ಕಾರ್ಮಿಕರಿದ್ದರು. ಪಕ್ಕದ ಕೂಡಗಿಯ ವಿದ್ಯುತ್ ಸ್ಥಾವರಕ್ಕೆ ರೈಲಿನಲ್ಲಿ ಕಲ್ಲಿದ್ದಲು ಬರುವುದನ್ನು ದಿನವೂ ನೋಡುವ ನಿಮಗೆ, ಆ ಕಸುಬಿನವರು ಇಂಥ ಕಾದಂಬರಿಗಾಗಿ ಪ್ರತಿಭಟನೆಯ ಪತ್ರ ಬರೆದರು ಎಂದರೆ ಅಚ್ಚರಿಯಾದೀತು. ಇದು ಶಹರದ ಸುಶಿಕ್ಷಿತರ ಚಟ ಎನ್ನುವವರಿಗೆ 1928ರಲ್ಲೇ ಉತ್ತರ ಸಿಕ್ಕಿತ್ತು.

ಸಾಹಿತಿಗಳ ನಡುವೆ ನಡೆದದ್ದು ಇನ್ನೂ ಸ್ವಾರಸ್ಯದ್ದು. ಇ. ಎಂ. ಫಾರ್ಸ್ಟರ್ ಮತ್ತು ವರ್ಜೀನಿಯಾ ವುಲ್ಫ್ ಪುಸ್ತಕದ ಪರ ಒಂದು ಬಹಿರಂಗ ಪತ್ರ ಸಿದ್ಧಮಾಡಲು ಹೊರಟರು. ಪತ್ರದಲ್ಲಿ ತನ್ನ ಕೃತಿಯ ಕಲಾಮೌಲ್ಯವನ್ನೂ ಹೊಗಳಬೇಕೆಂದು ಹಾಲ್ ಪಟ್ಟು ಹಿಡಿದಳು. ಅವರು ಒಪ್ಪಲಿಲ್ಲ. ವುಲ್ಫಳಿಗೆ ಆ ಕಾದಂಬರಿ ಸಪ್ಪೆ ಅನಿಸಿತ್ತು, ಆಪ್ತರಿಗೆ ಹಾಗೆಂದು ಹೇಳಿಯೂ ಇದ್ದಳು. ಆದರೂ ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿ ಕೂತಳು. ಒಳ್ಳೆಯ ಓದುಗರು ಅಂದರೆ ಹೀಗೆ. ಪುಸ್ತಕ ಇರಬೇಕೋ ಬೇಡವೋ ಎಂಬುದು ಒಂದು ಪ್ರಶ್ನೆ, ಅದು ಚೆನ್ನಾಗಿದೆಯೋ ಇಲ್ಲವೋ ಎಂಬುದು ಇನ್ನೊಂದು. ನಮ್ಮ ಚರ್ಚೆಗಳಲ್ಲಿ ಇವೆರಡೂ ಕಲಸುಮೇಲೋಗರವಾಗಿಬಿಡುತ್ತವೆ. ಪುಸ್ತಕ ಸಪ್ಪೆಯಾಗಿದೆ ಎಂದವರನ್ನು ಸಂಪ್ರದಾಯಸ್ಥರ ಸಾಲಿಗೆ ಸೇರಿಸುತ್ತೇವೆ. ಪುಸ್ತಕ ಇರಲಿ ಬಿಡಿ ಎಂದವರನ್ನು ಅದರ ಅಭಿಮಾನಿಗಳೆಂದು ಲೆಕ್ಕ ಹಾಕುತ್ತೇವೆ. ಅಂದಹಾಗೆ, ಅದೇ ವರ್ಷದ ಅಕ್ಟೋಬರಿನಲ್ಲಿ ವುಲ್ಫ್ ತಾನು ಒಲಿದಿದ್ದ ವೀಟಾ ಸ್ಯಾಕ್‌ವಿಲ್-ವೆಸ್ಟ್‌ಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ 'ಆರ್ಲ್ಯಾಂಡೊ' ಪ್ರಕಟವಾಯಿತು. ಅದರ ನಾಯಕ ನಡುವೆಯೇ ಹೆಣ್ಣಾಗಿಬಿಡುತ್ತಾನೆ. ಅದನ್ನು ಯಾರೂ ಕೋರ್ಟಿಗೆ ಎಳೆಯಲಿಲ್ಲ. ಲೀಲೆಯ ರೂಪದಲ್ಲಿ ಹೇಳಿದರೆ ಪಚನವಾಗುತ್ತದೆ, ಅಳುಮುಖದಿಂದ ಹಕ್ಕು ಕೇಳಿದರೆ ಆಗುವುದಿಲ್ಲ.

'ವೆಲ್' ಬ್ರಿಟನ್ನಿನಲ್ಲಿ ಮತ್ತೆ ಅಚ್ಚಾದದ್ದು 1949ರಲ್ಲಿ. ಮುಂದೆ ಅದನ್ನು ಹೆಚ್ಚು ಬೈದವರು ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳೇ. ನಮ್ಮನ್ನು ಇಷ್ಟು ದೀನರನ್ನಾಗಿ, ಶಾಪಗ್ರಸ್ತರನ್ನಾಗಿ ಚಿತ್ರಿಸಿದ್ದಾಳಲ್ಲ ಎಂಬುದು ಅವರ ಸಿಟ್ಟು. ಕಾದಂಬರಿಗಾರ್ತಿ ಮೇರಿ ರೆನೋ ತನ್ನ ಸಂಗಾತಿಯ ಜೊತೆ ಅದನ್ನು ಓದುತ್ತ ಅದರ ಗಾಂಭೀರ್ಯಕ್ಕೆ ನಕ್ಕಿದ್ದನ್ನು ಬರೆದಿದ್ದಾಳೆ. ಒಂದು ಕಾಲಕ್ಕೆ ವಿಷವಾಗಿದ್ದದ್ದು ಇನ್ನೊಂದು ಕಾಲಕ್ಕೆ ನಗೆಯಾಯಿತು. ನಡುವೆ ಎಷ್ಟೋ ಒಂಟಿ ಹೆಂಗಸರಿಗೆ ಅದೊಂದೇ ಪುಸ್ತಕ ಗತಿಯಾಗಿತ್ತು ಎಂಬುದೂ ಅಷ್ಟೇ ನಿಜ.

ಕೊನೆಯ ಪುಟವನ್ನು ಯಾರು ಬರೆಯುತ್ತಾರೆ ಎಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಕೊಡುತ್ತೇನೆ. 1952ರಲ್ಲಿ ಮರಿಜೇನ್ ಮೀಕರ್ ಎಂಬಾಕೆ ವಿನ್ ಪ್ಯಾಕರ್ ಎಂಬ ಹೆಸರಿನಲ್ಲಿ 'ಸ್ಪ್ರಿಂಗ್ ಫೈರ್' ಎಂಬ ಅಗ್ಗದ ಕಾದಂಬರಿ ಬರೆದಳು. ಕಾಲೇಜು ಹುಡುಗಿಯರಿಬ್ಬರ ಪ್ರೇಮ. ಸಂಪಾದಕ ಮೊದಲೇ ಹೇಳಿಬಿಟ್ಟ, ಕೊನೆ ಸುಖದ್ದಾಗಿರಕೂಡದು ಎಂದು. ಕಾರಣ ನೀತಿಯೂ ಅಲ್ಲ, ಕಲೆಯೂ ಅಲ್ಲ. ಪುಸ್ತಕಗಳು ಅಂಚೆಯಲ್ಲಿ ಹೋಗುತ್ತಿದ್ದವು. ಸುಖಾಂತವಾದರೆ ಅಂಚೆ ಇಲಾಖೆಯವರು ಕಟ್ಟುಗಳನ್ನು ಜಪ್ತಿ ಮಾಡುವ ಭಯ. ಹಾಗಾಗಿ ಒಬ್ಬಳಿಗೆ ಹುಚ್ಚು ಹಿಡಿಯಿತು, ಇನ್ನೊಬ್ಬಳು ತಾನು ಪ್ರೀತಿಸಿಯೇ ಇರಲಿಲ್ಲ ಎಂದಳು. ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಪ್ರೀತಿಗೆ ಹುಚ್ಚಾಸ್ಪತ್ರೆಯ ಶಿಕ್ಷೆ ಕೊಟ್ಟವನು ಅಂಚೆ ಇನ್ಸ್‌ಪೆಕ್ಟರ್!

ಅದೇ ವರ್ಷ ಪೆಟ್ರೀಷಿಯಾ ಹೈಸ್ಮಿತ್ ಕೂಡ ಕ್ಲೇರ್ ಮಾರ್ಗನ್ ಎಂಬ ಸುಳ್ಳು ಹೆಸರಿನಲ್ಲಿ 'ದಿ ಪ್ರೈಸ್ ಆಫ್ ಸಾಲ್ಟ್' ಪ್ರಕಟಿಸಿದಳು. ಅಂಗಡಿಯೊಂದರ ಆಟಿಕೆ ವಿಭಾಗದಲ್ಲಿ ಮಾರಾಟದ ಕೆಲಸಕ್ಕೆ ನಿಂತ ಥೆರೀಸ್, ಗಂಡನಿಂದ ದೂರವಾಗುತ್ತಿರುವ ಕ್ಯಾರಲ್. ಇಲ್ಲಿ ಯಾರೂ ಸಾಯುವುದಿಲ್ಲ. ಕ್ಯಾರಲ್ ಮಗಳನ್ನು ಕಳೆದುಕೊಳ್ಳುತ್ತಾಳೆ, ಆದರೆ ಕೊನೆಯಲ್ಲಿ ಇಬ್ಬರೂ ಒಟ್ಟಾಗುತ್ತಾರೆ. ಮರುವರ್ಷ ಅಗ್ಗದ ಆವೃತ್ತಿ ಬಂದ ಮೇಲೆ ಪ್ರಕಾಶಕರ ವಿಳಾಸಕ್ಕೆ ವಾರಕ್ಕೆರಡು ಸಲ ಹತ್ತು ಹದಿನೈದು ಪತ್ರಗಳ ಲಕೋಟೆ ಬರುತ್ತಿತ್ತಂತೆ, ತಿಂಗಳುಗಟ್ಟಲೆ. ನಮ್ಮಂಥವರು ಬದುಕುಳಿದ ಪುಸ್ತಕ ಇದೇ ಮೊದಲು ಓದಿದ್ದು ಎಂಬುದು ಅವುಗಳ ಧಾಟಿ. ಹೈಸ್ಮಿತ್ ತನ್ನ ಸ್ವಂತ ಹೆಸರಿನಲ್ಲಿ ಆ ಪುಸ್ತಕ ತರಲು 1990ರವರೆಗೆ ಕಾದಳು.

ನಮ್ಮ ದೇಶಕ್ಕೆ ಬರೋಣ. ಇಸ್ಮತ್ ಚುಗ್ತಾಯಿಯ ಉರ್ದು ಕಥೆ 'ಲಿಹಾಫ್' 1942ರದ್ದು, ನವಾಬನ ಹೆಂಡತಿಯಾದ ಬೇಗಮ್ಮಳೊಬ್ಬಳ ಕಥೆ. ಲಾಹೋರಿನ ಕೋರ್ಟಿನಲ್ಲಿ ಮೊಕದ್ದಮೆ ನಡೆಯಿತು, ಕಥೆಗಾರ ಸಾದತ್ ಹಸನ್ ಮಂಟೋನ ಕಥೆಯ ಮೇಲಿನ ಮೊಕದ್ದಮೆಯ ಜೊತೆಗೇ. ಕಥೆಯಲ್ಲಿ ಅಶ್ಲೀಲವಾದ ಶಬ್ದ ಯಾವುದು ತೋರಿಸಿ ಎಂದು ವಕೀಲರು ಕೇಳಿದಾಗ ಸಾಕ್ಷಿದಾರರು ತಡಬಡಾಯಿಸಿದರು. ಕೇಸು ಬಿದ್ದುಹೋಯಿತು. ಮುಂದೆ ಆ ಕಥೆಗೆ ಮೂಲವಾಗಿದ್ದ ಬೇಗಮ್ಮಳೇ ಅಲಿಗಢದಲ್ಲಿ ಎದುರಾದದ್ದನ್ನು ಇಸ್ಮತ್ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಬೈಯುತ್ತಾಳೆಂದು ಹೆದರಿದ್ದರೆ, ಆಕೆ ನವಾಬನನ್ನು ಬಿಟ್ಟು ಬೇರೆ ಮದುವೆಯಾಗಿ, ಮಗನನ್ನು ಹಡೆದು ಸುಖವಾಗಿದ್ದಳು. ಕಥೆಯ ಬೇಗಮ್ಮಳಿಗೆ ಲೇಖಕಿ ಒಂದು ಕೊನೆ ಕೊಟ್ಟರೆ, ನಿಜದ ಬೇಗಮ್ಮ ತನಗೆ ಬೇಕಾದ ಕೊನೆಯನ್ನು ತಾನೇ ಬರೆದುಕೊಂಡಿದ್ದಳು.

ಸೊಲ್ಲಾಪುರ ನಮಗೆ ಬೆಂಗಳೂರಿಗಿಂತ ಬಲು ಹತ್ತಿರ, ಮರಾಠಿ ನಾಟಕಗಳ ಗಾಳಿ ವಿಜಯಪುರಕ್ಕೆ ಮೊದಲಿಂದಲೂ ಬೀಸಿದೆ. ವಿಜಯ ತೆಂಡೂಲ್ಕರರ 'ಮಿತ್ರಾಚಿ ಗೋಷ್ಟ' 1981ರಲ್ಲಿ ರಂಗಕ್ಕೆ ಬಂತು. ಹೆಣ್ಣನ್ನು ಪ್ರೀತಿಸುವ ಮಿತ್ರಾಳ ಪಾತ್ರವನ್ನು ರೋಹಿಣಿ ಹಟ್ಟಂಗಡಿ ಮಾಡಿದರು. ಮಿತ್ರಾ ಕೊನೆಗೆ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಮಲಯಾಳದಲ್ಲಿ ಪದ್ಮರಾಜನ್ 1986ರಲ್ಲಿ ಮಾಡಿದ 'ದೇಶಾಟನಕ್ಕಿಳಿ ಕರಯಾರಿಲ್ಲ' ಚಿತ್ರದಲ್ಲಿ ಶಾಲೆಯಿಂದ ಓಡಿಹೋದ ನಿಮ್ಮಿ, ಸ್ಯಾಲಿ ಇಬ್ಬರೂ ಸಾಯುತ್ತಾರೆ. ಇವೆರಡೂ ಒಳ್ಳೆಯ ಕೃತಿಗಳು, ಪ್ರಾಮಾಣಿಕ ಕೃತಿಗಳು. ಇವುಗಳಿಗಾಗಿ ಯಾರೂ ಥಿಯೇಟರು ಒಡೆಯಲಿಲ್ಲ.

1998ರ ಡಿಸೆಂಬರಿನಲ್ಲಿ ಒಡೆದದ್ದು ದೀಪಾ ಮೆಹ್ತಾ ಅವರ 'ಫೈರ್' ಚಿತ್ರಕ್ಕಾಗಿ. ಮುಂಬೈ, ದಿಲ್ಲಿಯ ಚಿತ್ರಮಂದಿರಗಳ ಮೇಲೆ ಶಿವಸೇನೆಯವರು ದಾಳಿ ಮಾಡಿದರು. ಸೆನ್ಸಾರ್ ಮಂಡಳಿ ಎರಡನೇ ಸಲ ನೋಡಿ, ಒಂದು ಕತ್ತರಿಯನ್ನೂ ಹಾಕದೆ ಮತ್ತೆ ಬಿಡುಗಡೆಗೆ ಒಪ್ಪಿಗೆ ಕೊಟ್ಟಿತು. ಆ ಚಿತ್ರದಲ್ಲಿ ರಾಧಾ ಬೆಂಕಿಯಿಂದ ಪಾರಾಗಿ ಬಂದು ನಿಜಾಮುದ್ದೀನ್ ದರ್ಗಾದಲ್ಲಿ ಸೀತಾಳನ್ನು ಸೇರುತ್ತಾಳೆ. ಪಾತ್ರಗಳ ಹೆಸರೂ ಸಿಟ್ಟಿಗೆ ಕಾರಣ, ಒಪ್ಪುತ್ತೇನೆ. ಆದರೆ ಬೆಂಕಿ ಹತ್ತಿದ ಸೀರೆಯಲ್ಲಿ ರಾಧಾ ಸುಟ್ಟುಹೋಗಿದ್ದರೆ ಇಷ್ಟು ಕಲ್ಲು ಬೀಳುತ್ತಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಗಮನಿಸಿ, ಆ ಚಿತ್ರವನ್ನು ಟೀಕಿಸಿದವರಲ್ಲಿ ಲೇಖಕಿ ಮಧು ಕಿಶ್ವರ್ ಇದ್ದರು, ಹೆಣ್ಣನ್ನು ಪ್ರೀತಿಸುವ ಹೆಂಗಸರೂ ಇದ್ದರು. ಗಂಡ ಸರಿಯಿಲ್ಲದ್ದಕ್ಕೆ ಹೆಣ್ಣಿನತ್ತ ವಾಲಿದರು ಎನ್ನುವಂತಿದೆಯಲ್ಲ ಇದು, ಗಂಡ ಒಳ್ಳೆಯವನಾಗಿದ್ದರೆ ನಮ್ಮ ಪ್ರೀತಿಯೇ ಇರುತ್ತಿರಲಿಲ್ಲವೆ ಎಂದು ಆ ಹೆಂಗಸರು ಕೇಳಿದರು. ಈ ಟೀಕೆ ನನಗೆ ಸರಿಯೆನಿಸುತ್ತದೆ. ಕಲ್ಲು ಎಸೆದವರ ಗದ್ದಲದಲ್ಲಿ ಇದು ಯಾರಿಗೂ ಕೇಳಿಸಲಿಲ್ಲ.

ಕನ್ನಡದ ಓದುಗರು? ನಾವು ಹೆಣ್ಣಿನ ದುಃಖವನ್ನು ಧಾರಾಳವಾಗಿ ಅತ್ತು ಓದಿದವರು. 'ಶರಪಂಜರ' ಚಿತ್ರದ ಕಾವೇರಿ ಮರಳಿ ಹುಚ್ಚಾಸ್ಪತ್ರೆ ಸೇರುವುದನ್ನು ಕಲ್ಪನಾ ಅಭಿನಯದಲ್ಲಿ ನೋಡಿ ಕಣ್ಣೀರಿಟ್ಟವರು ಈ ಸಭೆಯಲ್ಲಿ ಕಡಿಮೆಯೇನಿಲ್ಲ. ತನ್ನ ಆಸೆಯನ್ನು ಬಾಯಿಬಿಟ್ಟ ಹೆಣ್ಣಿಗೆ ಅದೇ ತಕ್ಕ ಜಾಗ ಎಂಬಂತೆ ನಾವು ಆ ಕೊನೆಯನ್ನು ಒಪ್ಪಿಕೊಂಡೆವು. ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆ ನಮ್ಮಲ್ಲಿ ಬೆರಳೆಣಿಕೆಯಷ್ಟು. ಗಂಡು ಗಂಡನ್ನು ಪ್ರೀತಿಸುವ ಕಥೆ ಮನೆಮಾತಾದದ್ದು ವಸುಧೇಂದ್ರ ಅವರ 'ಮೋಹನಸ್ವಾಮಿ'ಯಿಂದ, 2013ರಲ್ಲಿ. ಸಂಡೂರಿನ ಈ ಲೇಖಕರು ಮೊದಲ ಕಥೆಯನ್ನು ಬೇರೆ ಹೆಸರಿನಲ್ಲಿ ಪ್ರಕಟಿಸಿದ್ದರು, ಆಮೇಲೆ ಸ್ವಂತ ಹೆಸರಿನಲ್ಲಿ ಸಂಕಲನ ತಂದರು. ಪುಸ್ತಕ ಬಂದ ಮೇಲೆ ಸಣ್ಣ ಸಣ್ಣ ಊರುಗಳ ಹುಡುಗರು ತಮಗೆ ಫೋನ್ ಮಾಡಿ ಗುಟ್ಟು ಹೇಳಿಕೊಳ್ಳತೊಡಗಿದ್ದನ್ನು ಅವರೇ ಹಂಚಿಕೊಂಡಿದ್ದಾರೆ. ನಾನು ಕೇಳಿದ ಅಭಿಪ್ರಾಯಗಳು ತರತರದವು. ಧೈರ್ಯಕ್ಕೆ ಮಾರ್ಕು ಕೊಟ್ಟು ಕಥೆಯನ್ನೇ ಓದದವರು, ಮುಖಪುಟಕ್ಕೆ ಪೇಪರು ಸುತ್ತಿ ಓದಿದವರು, ಇಷ್ಟು ಬಿಚ್ಚಿ ಬರೆಯಬೇಕಿತ್ತೆ ಎಂದವರು. ಆ ಮೋಹನಸ್ವಾಮಿಯೂ ಸಾಯುವುದಿಲ್ಲ, ಕಿಲಿಮಂಜಾರೋ ಪರ್ವತ ಹತ್ತುತ್ತಾನೆ.

ಮೋಹನಸ್ವಾಮಿಗೆ ಬೆಂಗಳೂರಿತ್ತು, ನೌಕರಿಯಿತ್ತು. ಅವನ ವಾರಗೆಯ ಹುಡುಗಿಗೆ ಏನಿತ್ತು? ಅವಳ ಮಾತನ್ನು ಹೆಂಗಸರ ಹಾಡುಗಳಲ್ಲಿ ಹುಡುಕಬೇಕು. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಕಲೆಹಾಕಿ 1931ರಲ್ಲಿ 'ಗರತಿಯ ಹಾಡು' ತಂದರು. ನಮ್ಮ ಜಿಲ್ಲೆ ಕನ್ನಡಕ್ಕೆ ಕೊಟ್ಟ ದೊಡ್ಡ ಕೊಡುಗೆ ಅದು. ತವರು, ತಾಯಿ, ಅಣ್ಣ, ಗಂಡ, ಗೆಳತಿ ಎಲ್ಲರೂ ಅಲ್ಲಿದ್ದಾರೆ. ಆದರೆ ಬರೆದುಕೊಂಡವರು ಗಂಡಸರು. ಗಂಡಸರು ಕೂತಾಗ ಹಾಡದ ಹಾಡುಗಳು ಸಂಗ್ರಹಕ್ಕೆ ಬರುವುದಾದರೂ ಹೇಗೆ? ಇದ್ದವೋ ಇಲ್ಲವೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ.

ನಾವು ಕೆಲವು ಹೆಂಗಸರು ವಿಜಯಪುರದಲ್ಲಿ ಆಗಾಗ ಸೇರಿ ಓದುತ್ತೇವೆ. ಓದು ಬಾರದ ಹಿರಿಯರೂ ಬಂದು ಕೂಡುತ್ತಾರೆ. ಅಲ್ಲಿ ಒಮ್ಮೆ ರಾಜಸ್ಥಾನದ ಬೋರುಂದಾ ಹಳ್ಳಿಯ ವಿಜಯದಾನ್ ದೇಥಾ ಬರೆದ ಬೀಜಾ-ತೀಜಾ ಕಥೆಯನ್ನು ನಮ್ಮ ಮಾತಿನಲ್ಲೇ ಹೇಳಿದೆ. ಇಬ್ಬರು ಗೆಳೆಯರು ಮಕ್ಕಳು ಹುಟ್ಟುವ ಮೊದಲೇ ಬೀಗತನ ಮಾತಾಡಿಕೊಂಡಿರುತ್ತಾರೆ. ಇಬ್ಬರಿಗೂ ಹೆಣ್ಣು ಹುಟ್ಟುತ್ತದೆ. ವರದಕ್ಷಿಣೆಯ ಆಸೆಗೆ ಅವರಲ್ಲೊಬ್ಬ ಜಿಪುಣ ತನ್ನ ಮಗಳು ಬೀಜಾಳನ್ನು ಗಂಡೆಂದು ಬೆಳೆಸಿ, ಗೆಳೆಯನ ಮಗಳು ತೀಜಾಳ ಜೊತೆ ಮದುವೆ ಮಾಡಿಬಿಡುತ್ತಾನೆ. ಮೊದಲ ರಾತ್ರಿ ಗುಟ್ಟು ತಿಳಿದರೂ ಇಬ್ಬರೂ ಒಟ್ಟಿಗೆ ಬಾಳುವುದೆಂದು ನಿಶ್ಚಯಿಸುತ್ತಾರೆ. ಊರು ತಿರುಗಿಬೀಳುತ್ತದೆ. ಇಷ್ಟು ಹೇಳಿ ನಿಲ್ಲಿಸಿ, ಮುಂದೇನಾಗಬೇಕು ಎಂದು ಕೇಳಿದೆ.

ಪಿಯುಸಿ ಓದುವ ಹುಡುಗಿ ತಲೆ ಎತ್ತದೆ "ಬಾವಿಗೆ ಬೀಳ್ತಾರ್ರಿ" ಎಂದಳು. ಬ್ಯಾಂಕಿನಲ್ಲಿ ಕೆಲಸ ಮಾಡುವವರು "ತಂದಿ-ತಾಯಿ ಗತಿ ಏನ್ರೀ? ಅವರ ಮಾರಿ ನೋಡೂದು ಬ್ಯಾಡೇನು?" ಎಂದರು. ಇನ್ನೊಬ್ಬರು ಕಥೆಯೇ ಸರಿಯಿಲ್ಲ ಎಂದು ಎದ್ದುಹೋಗಿ ಚಹಾ ಮಾಡಿಕೊಂಡು ಬಂದರು. ಆಗ ನಾನು ದೇಥಾನ ಕೊನೆಯನ್ನು ಹೇಳಿದೆ. ಊರು ಬಿಟ್ಟ ಇಬ್ಬರಿಗೂ ಭೂತಗಳ ಒಡೆಯ ಆಶ್ರಯ ಕೊಟ್ಟು ಅರಮನೆ ಕಟ್ಟಿಸುತ್ತಾನೆ. ಬೀಜಾ ಬೇಡಿದಳೆಂದು ಅವಳನ್ನು ಗಂಡಾಗಿಯೂ ಮಾಡುತ್ತಾನೆ. ಗಂಡಾದದ್ದೇ ತಡ ಬೀಜಾ ದರ್ಪ ತೋರಿಸತೊಡಗುತ್ತಾಳೆ. ಕೊನೆಗೆ ಮತ್ತೆ ಹೆಣ್ಣಾಗಿ, ಇಬ್ಬರೂ ಸುಖವಾಗಿರುತ್ತಾರೆ. ಎಲ್ಲರೂ ನಕ್ಕರು. ಎಪ್ಪತ್ತು ದಾಟಿದ ಆಯಿಯೊಬ್ಬರು ಮಾತ್ರ ನಗಲಿಲ್ಲ. "ಬಾಳೇ ಮಾಡ್ಲಿ ಬಿಡವಾ, ಯಾರ ಮನಿ ಹಾಳ ಮಾಡ್ಯಾರ? ಖರೆ ಭೂತ ಇಲ್ಲದ ಊರಾಗ ಅವರು ಇರೂದರೆ ಎಲ್ಲಿ?" ಎಂದರು.

ನಾನು ಓದಿದ ಎಷ್ಟೋ ವಿಮರ್ಶೆಗಳಲ್ಲಿ ಈ ಪ್ರಶ್ನೆ ಇಷ್ಟು ನೇರವಾಗಿ ಬಂದಿಲ್ಲ. ಥೆರೀಸ್‌ಳಿಗೆ ಆಟಿಕೆ ವಿಭಾಗದ ಸಂಬಳವಿತ್ತು. ಸ್ಟೀಫನ್ನಳಿಗೆ ಅಪ್ಪನ ಆಸ್ತಿಯಿತ್ತು. ದೇಥಾನ ಹುಡುಗಿಯರಿಗೆ ಏನೂ ಇರಲಿಲ್ಲ, ಹಾಗಾಗಿ ಭೂತ ಬೇಕಾಯಿತು. ಬಾಡಿಗೆಗೆ ಮನೆ ಕೊಡುವವರಿಲ್ಲದೆ, ಕೈಯಲ್ಲಿ ಸ್ವಂತ ದುಡ್ಡಿಲ್ಲದೆ ಸುಖಾಂತ ಬರೆದರೆ ಓದುಗರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಮೊದಲೇ ಫೋನ್ ಮಾಡಿದವರಿಗೆ ನನ್ನ ಉತ್ತರ ಇದು: ಬೆಂಗಳೂರಿನಲ್ಲಿ ಬಾಡಿಗೆ ಮನೆಯಾದರೂ ಸಿಕ್ಕೀತು. ಹಳ್ಳಿಯಲ್ಲಿ ಸಿಗುವುದಿಲ್ಲ. ಅದಕ್ಕೇ ಮಾತು ಇಲ್ಲಿ ಆಗಬೇಕು.

ಕಾನೂನು ಒಂದಿಷ್ಟು ದೂರ ಬಂದಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಇಂಥ ಪ್ರೀತಿ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ. ಇವೆರಡರ ನಡುವೆ ಮದ್ರಾಸ್ ಹೈಕೋರ್ಟಿನಲ್ಲಿ ನಡೆದ ಒಂದು ಸಂಗತಿಯನ್ನು ಓದುಗರ ವಿಷಯ ಮಾತಾಡುವ ಈ ಉಪನ್ಯಾಸದಲ್ಲಿ ಹೇಳಲೇಬೇಕು. ಮನೆಯವರ ಒತ್ತಡಕ್ಕೆ ಹೆದರಿ ಮದುರೈಯಿಂದ ಚೆನ್ನೈಗೆ ಓಡಿಬಂದ ಇಬ್ಬರು ಯುವತಿಯರ ಅರ್ಜಿ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂತು. ಈ ವಿಷಯದಲ್ಲಿ ತನ್ನದೂ ಸಮಾಜದ ಪೂರ್ವಗ್ರಹವೇ ಎಂದು ಒಪ್ಪಿಕೊಂಡ ಅವರು, ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ವಿದ್ಯಾರ್ಥಿಯಂತೆ ಕೂತು ಕೇಳಿ ತಿಳಿದುಕೊಂಡು, 2021ರ ಜೂನ್ 7ರಂದು ಆದೇಶ ಬರೆದರು. ತೀರ್ಪು ಕೊಡುವ ಮೊದಲು ಪಾಠ ಹೇಳಿಸಿಕೊಂಡ ನ್ಯಾಯಾಧೀಶರು! ಬೈರನ್ ಸಾಕ್ಷಿಗಳ ಮಾತು ಕೇಳದೆಯೇ ಪುಸ್ತಕ ಸುಡಿಸಿದ ಮೇಲೆ ಇಲ್ಲಿಗೆ ಬರಲು 93 ವರ್ಷ ಹಿಡಿಯಿತು.

ಇಂಥ ಕಾದಂಬರಿಯನ್ನು ನೀವು ಹೊಗಳಲೇಬೇಕು ಎಂದು ನಾನು ಹೇಳುತ್ತಿಲ್ಲ. ಬಹಳಷ್ಟು ಕಳಪೆ ಇವೆ. ಒಳ್ಳೆಯ ಉದ್ದೇಶವೊಂದೇ ಬಂಡವಾಳವಾದ ಪುಸ್ತಕಗಳು ಎಲ್ಲ ಭಾಷೆಯಲ್ಲೂ ಬರುತ್ತಿವೆ, ಕನ್ನಡದಲ್ಲೂ ಬರುತ್ತವೆ. ಅವುಗಳನ್ನು ಸಪ್ಪೆ ಎನ್ನಿ, ಉದ್ದವಾಯಿತು ಎನ್ನಿ, ಪಾತ್ರಕ್ಕೆ ಜೀವವಿಲ್ಲ ಎನ್ನಿ. ಓದಿ ಹೇಳಿ, ಅಷ್ಟೇ.

ಮಸೂತಿಯವರಲ್ಲಿ ನನ್ನದೊಂದು ಬೇಡಿಕೆ. ಪಂಚಾಯತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ. ನಿಮ್ಮ ಅರಿವು ಕೇಂದ್ರಕ್ಕೆ 'ಮೋಹನಸ್ವಾಮಿ'ಯ ಪ್ರತಿಯೊಂದನ್ನು ಈ ದತ್ತಿಯ ಪರವಾಗಿ ತಂದಿದ್ದೇನೆ. ಅದನ್ನು ಬೀರುವಿನೊಳಗೆ ಕೀಲಿ ಹಾಕಿ ಇಡಬೇಡಿ, ಹೊರಗಿನ ಕಪಾಟಿನಲ್ಲಿಡಿ. ಯಾರು ತೆಗೆದುಕೊಂಡು ಹೋದರು ಎಂದು ಊರಲ್ಲಿ ಮಾತಾಡಬೇಡಿ. ಮುಂದಿನ ವರ್ಷದ ಉಪನ್ಯಾಸಕ್ಕೆ ಈ ಊರಿನ ಹೆಣ್ಣುಮಗಳೊಬ್ಬಳನ್ನೇ ಕರೆಯಿರಿ, ವಿಷಯವನ್ನು ಅವಳಿಗೇ ಬಿಡಿ. ಈಗ ಪ್ರಶ್ನೆಗಳಿಗೆ ಸಮಯವಿದೆ. ಮೊದಲ ಪ್ರಶ್ನೆ ಹೆಣ್ಣುಮಕ್ಕಳ ಸಾಲಿನಿಂದ ಬರಲಿ.